ಎತ್ತರದ ಹುಡುಗನ ಕೈಗೂ ಚೆಂಡು ಕೊಡಿ

(ಕಲಬುರಗಿಯ ಕಾಲೇಜೊಂದರ ಕ್ರೀಡಾ ವಿಭಾಗದವರು ಏರ್ಪಡಿಸಿದ್ದ ಸಂಜೆಯ ಕಾರ್ಯಕ್ರಮದಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಒಂದಿಷ್ಟು ಭಾಗವನ್ನೂ ಸೇರಿಸಿದ್ದೇನೆ.)

ವೇದಿಕೆಯ ಮೇಲಿರುವ ಹಿರಿಯರಿಗೂ ಎದುರಿಗೆ ಕುಳಿತಿರುವ ತಮ್ಮಂದಿರು, ತಂಗಿಯರಿಗೂ ಶರಣು ಶರಣಾರ್ಥಿ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ವಿಕ್ಟರ್ ವೆಂಬನ್ಯಾಮಾ: ಬದುಕು ಮತ್ತು ಆಟ’ ಎಂದು ಅಚ್ಚಾಗಿದೆ. ಆ ಹೆಸರನ್ನು ಉಚ್ಚರಿಸಲು ನಿರೂಪಕರು ಪಟ್ಟ ಪಾಡನ್ನು ನೀವೇ ನೋಡಿದಿರಿ. ಅಮೆರಿಕದವರೂ ಸಾಕಾಗಿ ‘ವೆಂಬಿ’ ಎಂದು ಮೊಟಕು ಮಾಡಿಕೊಂಡಿದ್ದಾರೆ. ನಾವೂ ಹಾಗೆಯೇ ಕರೆಯೋಣ.

ಇಲ್ಲಿಗೆ ಬರುವ ಮುನ್ನ ಜಗತ್ ವೃತ್ತದ ಹತ್ತಿರ ಚಹಾ ಕುಡಿಯುತ್ತಿದ್ದಾಗ ಗೆಳೆಯರೊಬ್ಬರು ಕೇಳಿದರು: ‘ಹುಡುಗ ಫ್ರಾನ್ಸಿನವನು, ಬ್ಯಾಸ್ಕೆಟ್‌ಬಾಲ್ ಆಡುವುದು ಅಮೆರಿಕದಲ್ಲಿ. ನಮ್ಮ ಕಲಬುರಗಿಯ ಮಕ್ಕಳಿಗೆ ಅವನಿಂದ ಏನಾಗಬೇಕಾಗಿದೆ?’ ನ್ಯಾಯವಾದ ಪ್ರಶ್ನೆ. ವೆಂಬಿಯ ಎತ್ತರ ಏಳಡಿ ನಾಲ್ಕಿಂಚಿನ ಆಸುಪಾಸು. ಎರಡೂ ಕೈ ಚಾಚಿದರೆ ತುದಿಯಿಂದ ತುದಿಗೆ ಎಂಟಡಿ. ಅಂಥವನ ಕಥೆ ಕೇಳಿ ಐದೂವರೆ ಅಡಿಯ ನಾವು ಮಾಡುವುದೇನು? ಆದರೆ ನಾನು ಹೇಳಹೊರಟಿರುವುದು ಅವನ ಎತ್ತರದ ಕಥೆಯನ್ನಲ್ಲ. ಆ ಎತ್ತರ ಕಣ್ಣೆದುರಿಗೆ ಇದ್ದರೂ ಅವನನ್ನು ಬೆಳೆಸಿದವರು ಗಿಡ್ಡ ಹುಡುಗನಿಗೆ ಕಲಿಸುವುದನ್ನೆಲ್ಲ ಅವನಿಗೂ ಕಲಿಸಿದರು, ಮೇಲಾಗಿ ಅವಸರ ಮಾಡಲಿಲ್ಲ. ನಮ್ಮಲ್ಲಿ ಆಗದೇ ಇರುವುದು ಇದೇ. ನಾನೂ ದೈಹಿಕ ಶಿಕ್ಷಕನಾಗಿ ಮೈದಾನದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು, ಹಾಗಾಗಿ ನಿಷ್ಠುರವಾಗಿಯೇ ಮಾತನಾಡುತ್ತೇನೆ.

ನಮ್ಮ ಹೈಸ್ಕೂಲುಗಳಲ್ಲಿ ನಡೆಯುವುದನ್ನು ನೆನಪಿಸಿಕೊಳ್ಳಿ. ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗ ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಏಕಾಏಕಿ ಆರಡಿ ಆಗಿರುತ್ತಾನೆ. ಪ್ಯಾಂಟು ಮೊಣಕಾಲಿನ ಕಡೆಗೆ ಹೊರಟಿರುತ್ತದೆ. ತಾಲ್ಲೂಕು ಮಟ್ಟದ ಪಂದ್ಯಾವಳಿಗೆ ಹದಿನೈದು ದಿನ ಉಳಿದಿರುತ್ತದೆ. ಶಿಕ್ಷಕರ ಕಣ್ಣು ಅವನ ಮೇಲೆ ಬೀಳುತ್ತದೆ. ‘ತಮ್ಮಾ, ನೀನು ರಿಂಗಿನ ಕೆಳಗೆ ನಿಂತುಬಿಡು. ಬಂದ ಚೆಂಡು ಹಿಡಿ, ಮೇಲಕ್ಕೆ ಹಾಕು. ಪುಟಿಸಬೇಡ, ಕಸಿದುಕೊಳ್ಳುತ್ತಾರೆ.’ ತರಬೇತಿ ಅಲ್ಲಿಗೆ ಮುಗಿಯಿತು. ತಾಲ್ಲೂಕು ಮಟ್ಟದಲ್ಲಿ ಈ ಉಪಾಯ ಫಲಿಸುತ್ತದೆ. ಕಪ್ಪು ಬರುತ್ತದೆ, ಮುಖ್ಯೋಪಾಧ್ಯಾಯರ ಕೋಣೆಯ ಕಪಾಟು ಸೇರುತ್ತದೆ. ವಿಭಾಗ ಮಟ್ಟಕ್ಕೆ ಹೋದಾಗ ಎದುರು ತಂಡದಲ್ಲೂ ಆರಡಿಯವನೊಬ್ಬ ಇರುತ್ತಾನೆ, ಅವನಿಗೆ ಚೆಂಡು ಪುಟಿಸಲೂ ಬರುತ್ತದೆ. ನಮ್ಮ ಹುಡುಗ ಆಗ ಏನೂ ತೋಚದೆ ನಿಂತುಬಿಡುತ್ತಾನೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಆಟ ಅಲ್ಲಿಗೆ ಬಿಟ್ಟುಹೋಗುತ್ತದೆ.

ಈಗ ವೆಂಬಿಯ ಕಡೆ ಬರೋಣ. ಅವನು ಹುಟ್ಟಿದ್ದು 2004ರ ಜನವರಿ 4ರಂದು, ಪ್ಯಾರಿಸ್ ಪಕ್ಕದ ಲೆ ಶೆನೆ ಎಂಬ ಊರಿನಲ್ಲಿ. ವರ್ಸೈ ಅರಮನೆ ಅಲ್ಲಿಗೆ ಹತ್ತಿರ. ತಂದೆ ಫೆಲಿಕ್ಸ್ ಕಾಂಗೊ ಮೂಲದವರು, ತ್ರಿವಿಧ ಜಿಗಿತದ ಪಟು. ತಾಯಿ ಎಲೋಡಿ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ, ಮುಂದೆ ಮಕ್ಕಳಿಗೆ ತರಬೇತಿ ಕೊಟ್ಟವರು. ಅಕ್ಕ ಈವ್, ತಮ್ಮ ಆಸ್ಕರ್ ಇಬ್ಬರೂ ಇದೇ ಆಟದವರು. ಅಂದರೆ ಆಟ ಮನೆಯಲ್ಲೇ ಇತ್ತು. ಆದರೂ ಹುಡುಗ ಮೊದಲು ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್ ಆಗಿ ನಿಂತ, ಜೂಡೊ ಕಲಿತ. ಯಾರೂ ತಡೆಯಲಿಲ್ಲ. ಜೂಡೊದಲ್ಲಿ ಬೀಳುವುದನ್ನು ಕಲಿಸುತ್ತಾರೆ. ಅಷ್ಟು ಉದ್ದನೆಯ ದೇಹಕ್ಕೆ ಬೀಳಲು ಬರುವುದು ದೊಡ್ಡ ಆಸ್ತಿ ಎಂಬುದು ನನ್ನ ಅನಿಸಿಕೆ.

ಹತ್ತನೇ ವಯಸ್ಸಿಗೆ ಪ್ಯಾರಿಸ್ ಹೊರವಲಯದ ನಾಂತೇರ್ ಕ್ಲಬ್ ಸೇರಿದ. ಆ ಕ್ಲಬ್ಬಿನ ತರಬೇತುದಾರರೊಬ್ಬರು ಅವನನ್ನು ಮೊದಲು ಕಂಡಾಗ ಹುಡುಗ ಮಕ್ಕಳ ತಂಡದ ಬೆಂಚಿನ ಮೇಲೆ ಕುಳಿತಿದ್ದನಂತೆ. ಅವರು ಅವನನ್ನು ಸಹಾಯಕ ತರಬೇತುದಾರ ಎಂದುಕೊಂಡರಂತೆ. ಅಂಥ ಹುಡುಗ ನಮ್ಮ ಕೈಗೆ ಸಿಕ್ಕಿದ್ದರೆ ರಿಂಗಿನ ಕೆಳಗೆ ಕಂಬ ನೆಟ್ಟ ಹಾಗೆ ನಿಲ್ಲಿಸಿಬಿಡುತ್ತಿದ್ದೆವು. ಅಲ್ಲಿ ಹಾಗಾಗಲಿಲ್ಲ. ಚೆಂಡು ಪುಟಿಸಿಕೊಂಡು ಹೋಗುವುದು, ಓಡುತ್ತಲೇ ಪಾಸ್ ಕೊಡುವುದು, ದೂರದಿಂದ ಗುರಿ ಇಡುವುದು, ಹೀಗೆ ಚೆಂಡು ನಡೆಸುವ ಗಾರ್ಡ್ ಆಟಗಾರನ ಪೂರ್ತಿ ಪಾಠ ಅವನಿಗೂ ಆಯಿತು. ತಪ್ಪಿದ. ಚೆಂಡು ಕಳೆದುಕೊಂಡ. ಮತ್ತೆ ಅವನ ಕೈಗೇ ಚೆಂಡು ಕೊಟ್ಟರು.

ಅವನ ಪಾದಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಬರಿಗಾಲಿನಲ್ಲಿ ನಿಂತು ಕಾಲ್ಬೆರಳುಗಳನ್ನು ಮಡಿಸುವ, ಬಿಚ್ಚುವ, ಬೆರಳುಗಳ ಮೇಲೆಯೇ ಭಾರ ಹಾಕಿ ಮುಂದಕ್ಕೆ ಸರಿಯುವ ವ್ಯಾಯಾಮ ಅವನ ದಿನಚರಿಯ ಭಾಗ. ನೋಡಿದವರಿಗೆ ಹುಡುಗಾಟಿಕೆ ಎನಿಸುತ್ತದೆ. ಎರೆಮಣ್ಣಿನಲ್ಲಿ ಜೋಳದ ದಂಟು ಬೇರಿಗಿಂತ ಮುಂಚೆ ಮೇಲೆದ್ದರೆ ಒಂದು ಗಾಳಿಗೆ ಮಲಗುತ್ತದಲ್ಲ, ಎತ್ತರದ ಆಟಗಾರರದೂ ಅದೇ ಪಾಡು. ಚೀನಾದ ಯಾವೊ ಮಿಂಗ್ ಏಳಡಿ ಆರಿಂಚು. 2002ರಲ್ಲಿ ಮೊದಲ ಆಯ್ಕೆಯಾಗಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಹೋದವರು, ಅಪ್ಪಟ ಕೌಶಲದ ಆಟಗಾರ. ಪಾದದ ಮೂಳೆ ಮತ್ತೆ ಮತ್ತೆ ಮುರಿದು 2011ರಲ್ಲಿ, ಮೂವತ್ತರ ಪ್ರಾಯದಲ್ಲೇ, ನಿವೃತ್ತರಾದರು. ವೆಂಬಿಯ ಸುತ್ತಲಿನವರು ಈ ಚರಿತ್ರೆಯನ್ನು ಚೆನ್ನಾಗಿ ಓದಿಕೊಂಡಿದ್ದಾರೆ.

2018ರಲ್ಲಿ, ಹದಿನಾಲ್ಕು ವರ್ಷದವನಾಗಿದ್ದಾಗ, ಬಾರ್ಸಿಲೋನಾದಂಥ ಕ್ಲಬ್ಬು ಒಂದು ಕಿರಿಯರ ಪಂದ್ಯಾವಳಿಗೆ ಅವನನ್ನು ಎರವಲು ಪಡೆದು ಆಡಿಸಿತು. ಆಡಿದ, ಮರಳಿ ನಾಂತೇರ್‌ಗೆ ಬಂದ. ಬಾರ್ಸಿಲೋನಾದ ಅಂಗಿ ಹಾಕಿಕೊಂಡ ಮಗ ವಾಪಸು ಬಂದರೆ ನಮ್ಮಲ್ಲಿ ಬೀಗರು ಕೂಡ ‘ಯಾಕೆ ಬಂದ, ಅಲ್ಲಿ ಇಟ್ಟುಕೊಳ್ಳಲಿಲ್ಲವೇ’ ಎಂದು ಕೇಳುತ್ತಿದ್ದರು. 2019ರ ಅಕ್ಟೋಬರ್‌ನಲ್ಲಿ, ಹದಿನೈದರ ವಯಸ್ಸಿಗೇ, ನಾಂತೇರ್ ಪರವಾಗಿ ವೃತ್ತಿಪರ ಆಟಗಾರನಾಗಿ ಅಂಕಣಕ್ಕಿಳಿದ. ಆಗಲೂ ನಿಮಿಷಗಳನ್ನು ಎಣಿಸಿ ಎಣಿಸಿ ಆಡಿಸಿದರು.

2021ರಲ್ಲಿ ಲಿಯೋನ್ ಬಳಿಯ ಅಸ್ವೆಲ್ ಕ್ಲಬ್ ಸೇರಿದ. ಅದು ಯುರೋಪಿನ ಅಗ್ರ ಕ್ಲಬ್ಬುಗಳ ಪಂದ್ಯಾವಳಿಯಾದ ಯೂರೊಲೀಗ್ ಆಡುವ ತಂಡ. ಆಗ ಅದರ ಅಧ್ಯಕ್ಷ ಟೋನಿ ಪಾರ್ಕರ್, ಫ್ರಾನ್ಸಿನ ಬ್ಯಾಸ್ಕೆಟ್‌ಬಾಲ್‌ನ ಬಹು ದೊಡ್ಡ ಹೆಸರು. ಗಾಯಗಳ ನಡುವೆಯೇ ಆ ವರ್ಷ ತಂಡ ಫ್ರೆಂಚ್ ಲೀಗ್ ಗೆದ್ದಿತು. ಆದರೆ ಹುಡುಗನಿಗೆ ಅಂಕಣದಲ್ಲಿ ಸಿಗುತ್ತಿದ್ದ ಹೊತ್ತು ಕಡಿಮೆ. 2022ರ ಬೇಸಿಗೆಯಲ್ಲಿ ಅವನು ಆ ದೊಡ್ಡ ತಂಡ ಬಿಟ್ಟು, ಯೂರೊಲೀಗ್ ಆಡದ ಮೆಟ್ರೊಪಾಲಿಟನ್ಸ್ 92 ಎಂಬ ಪ್ಯಾರಿಸ್ ಹೊರವಲಯದ ತಂಡಕ್ಕೆ ಬಂದ. ಅಲ್ಲಿ ತರಬೇತುದಾರ ವಿನ್ಸೆಂಟ್ ಕೊಲೆ, ಆಗ ರಾಷ್ಟ್ರೀಯ ತಂಡದ ಗುರುವೂ ಅವರೇ. ದೊಡ್ಡ ಹೆಸರಿನ ಬೆಂಚಿನ ಮೇಲೆ ಕುಳಿತಿರುವುದಕ್ಕಿಂತ ಸಣ್ಣ ಹೆಸರಿನ ಅಂಕಣದಲ್ಲಿ ಬೆವರು ಸುರಿಸುವುದು ಮೇಲು ಎಂದು ಹದಿನೆಂಟರ ಹುಡುಗ ಲೆಕ್ಕ ಹಾಕಿದ್ದಾನೆ. ಅವನ ಇಡೀ ವೃತ್ತಿಜೀವನದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ನಿರ್ಧಾರ ಇದು. ಆ ಋತುವಿನಲ್ಲಿ ಫ್ರೆಂಚ್ ಲೀಗಿನಲ್ಲಿ ಅಂಕ, ರಿಬೌಂಡ್, ಬ್ಲಾಕ್ ಮೂರರಲ್ಲೂ ಅವನೇ ಮುಂದು, ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಅವನಿಗೇ. ರಿಬೌಂಡ್ ಅಂದರೆ ಗುರಿ ತಪ್ಪಿ ಮರಳಿದ ಚೆಂಡು ಹಿಡಿಯುವುದು, ಬ್ಲಾಕ್ ಅಂದರೆ ಎದುರಾಳಿಯ ಎಸೆತ ತಡೆಯುವುದು. ಅಂತಿಮ ಸರಣಿಯಲ್ಲಿ ಮಾತ್ರ ಮೊನಾಕೊ ತಂಡ ಮಣ್ಣು ಮುಕ್ಕಿಸಿತು.

ಅಮೆರಿಕದ ಕಣ್ಣು ಅವನ ಮೇಲೆ ನೆಟ್ಟಿದ್ದು 2022ರ ಅಕ್ಟೋಬರ್ 4ರಂದು. ಲಾಸ್ ವೇಗಸ್ ಹತ್ತಿರದ ಹೆಂಡರ್ಸನ್‌ನಲ್ಲಿ ಎನ್‌ಬಿಎಯ ಕೆಳಹಂತದ ಲೀಗಿನ ತಂಡವಾದ ಜಿ ಲೀಗ್ ಇಗ್ನೈಟ್ ವಿರುದ್ಧ ಪ್ರದರ್ಶನ ಪಂದ್ಯ. ವೆಂಬಿ 37 ಅಂಕ ಗಳಿಸಿದ. ಅದರಲ್ಲಿ ಮೂರು ಅಂಕದ ಗೆರೆಯಾಚೆಯಿಂದ ಏಳು ಬಾರಿ. ತಂಡ ಸೋತಿತು, ಆದರೆ ಮರುದಿನ ಯಾರೂ ಫಲಿತಾಂಶದ ಮಾತೆತ್ತಲಿಲ್ಲ. ಎನ್‌ಬಿಎಯ ದಿಗ್ಗಜ ಲೆಬ್ರಾನ್ ಜೇಮ್ಸ್ ಅಂಥವರೇ ಇವನು ಬೇರೆ ಗ್ರಹದ ಜೀವಿ ಎಂಬರ್ಥದ ಮಾತಾಡಿದರು.

ಎನ್‌ಬಿಎಯಲ್ಲಿ ಹೊಸಬರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ, ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ನೆಲ ಕಚ್ಚಿದ ತಂಡಗಳಿಗೆ ಮೊದಲ ಸರದಿ ಸಿಗುವ ಸಂಭವ ಹೆಚ್ಚು, ಆದರೆ ಲಾಟರಿ ಎತ್ತುತ್ತಾರೆ. 2023ರಲ್ಲಿ ಆ ಅದೃಷ್ಟ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಖುಲಾಯಿಸಿತು. ಅವರಿಗೆ ಹಿಂದೆ ಎರಡು ಬಾರಿ ಮೊದಲ ಸರದಿ ಸಿಕ್ಕಿತ್ತು: 1987ರಲ್ಲಿ ಡೇವಿಡ್ ರಾಬಿನ್ಸನ್, 1997ರಲ್ಲಿ ಟಿಮ್ ಡಂಕನ್. ಇಬ್ಬರೂ ಎತ್ತರದವರು, ಇಬ್ಬರೂ ದಿಗ್ಗಜರು. ಮೂರನೆಯವನು ವೆಂಬಿ. ಆಗಿನ ತರಬೇತುದಾರ ಗ್ರೆಗ್ ಪೊಪೊವಿಚ್, ಅದೇ ತಂಡಕ್ಕೆ ಐದು ಕಿರೀಟ ತಂದುಕೊಟ್ಟ ಹಿರಿಯರು.

ಮೊದಲ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 21.4 ಅಂಕ, 10.6 ರಿಬೌಂಡ್, 3.6 ಬ್ಲಾಕ್. ಬ್ಲಾಕ್‌ನಲ್ಲಿ ಇಡೀ ಲೀಗಿಗೇ ಮೊದಲಿಗ. ವರ್ಷದ ಹೊಸ ಆಟಗಾರ ಪ್ರಶಸ್ತಿಗೆ ಎಲ್ಲ ಮತಗಳೂ ಅವನಿಗೇ ಬಿದ್ದವು. ಇಷ್ಟೆಲ್ಲ ಆದರೂ ತಂಡ ಗೆದ್ದದ್ದು 22, ಸೋತದ್ದು 60! ನಡುವೆ ಸತತ 18 ಸೋಲು. ತಮ್ಮಂದಿರಾ, ಎರಡು ಪಂದ್ಯ ಸೋತ ಕೂಡಲೇ ತಂಡ ಬದಲಿಸುವ ಮಾತಾಡುತ್ತೀರಲ್ಲ, ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಆ ಸೋಲುಗಳ ನಡುವೆಯೂ ಅವನು ಪಂದ್ಯಕ್ಕೆ ಸುಮಾರು ಮೂವತ್ತು ನಿಮಿಷಕ್ಕಿಂತ ಹೆಚ್ಚು ಆಡದಂತೆ ನೋಡಿಕೊಂಡರು. ಗೆಲುವಿಗಾಗಿ ಹುಡುಗನನ್ನು ಹಿಂಡಲಿಲ್ಲ.

ಅವನ ಬ್ಲಾಕ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎತ್ತರದವನಿಗೆ ಅದೇನು ಮಹಾ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ರಿಂಗು ಇರುವುದು ಹತ್ತಡಿ ಎತ್ತರದಲ್ಲಿ. ಅದಕ್ಕೇನೂ ಶಾಸ್ತ್ರವಿಲ್ಲ, 1891ರಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಯನ್ನು ಮೊಳೆ ಹೊಡೆದು ಕೂರಿಸಿದ ಬಾಲ್ಕನಿಯ ಕಂಬಿ ಅಷ್ಟು ಎತ್ತರದಲ್ಲಿತ್ತು, ಅಷ್ಟೇ. ಎಸೆದ ಚೆಂಡು ಮೇಲೇರುವಾಗ ತಡೆಯಬಹುದು. ರಿಂಗಿನತ್ತ ಇಳಿಯಲು ತೊಡಗಿದ ಮೇಲೆ ಮುಟ್ಟಿದರೆ ಅಂಕ ಎದುರಾಳಿಗೆ ಹೋಗುತ್ತದೆ. ಅಂದರೆ ತಡೆಯುವವನಿಗೆ ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಸಾಮಾನ್ಯ ಆಟಗಾರ ಎದುರಾಳಿಯ ಭುಜ ಅಲುಗಿದ ಕೂಡಲೇ ಹಾರುತ್ತಾನೆ, ಎದುರಾಳಿ ನಟಿಸಿ, ಅವನು ಕೆಳಗಿಳಿಯುವಾಗ ಚೆಂಡು ಹಾಕುತ್ತಾನೆ. ವೆಂಬಿ ಹಾರುವುದೇ ಇಲ್ಲ. ಎರಡು ಹೆಜ್ಜೆ ಹಿಂದೆ ಉಳಿದು ಚೆಂಡು ಕೈ ಬಿಡುವವರೆಗೆ ಕಾಯುತ್ತಾನೆ, ಆಮೇಲೆ ಕೈ ಚಾಚುತ್ತಾನೆ. ಕೈ ಉದ್ದ ಇರುವುದರಿಂದ ಕಾಯುವುದಕ್ಕೆ ಹೆಚ್ಚು ಸಮಯ ಸಿಗುತ್ತದೆ. ಆ ಸಮಯವನ್ನು ಅವನು ತಾಳ್ಮೆಯಿಂದ ಖರ್ಚು ಮಾಡುತ್ತಾನೆ. ವಿಡಿಯೊಗಳನ್ನು ನೋಡುವಾಗ ಅವನನ್ನಲ್ಲ, ಎದುರಾಳಿಯ ಪಾದಗಳನ್ನು ನೋಡಿ. ನೇರ ರಿಂಗಿನತ್ತ ನುಗ್ಗಿದ ಆಟಗಾರ ಇವನನ್ನು ಕಂಡ ಕೂಡಲೇ ಚೆಂಡು ಪುಟಿಸುತ್ತಲೇ ಹಿಂದಕ್ಕೆ ಹೊರಳಿ ಹೊರಗೆ ಹೋಗುತ್ತಾನೆ. ಅಂಥದ್ದು ಅಂಕಪಟ್ಟಿಯಲ್ಲಿ ದಾಖಲಾಗುವುದಿಲ್ಲ.

2024ರ ಫೆಬ್ರುವರಿ 23ರಂದು ಲೇಕರ್ಸ್ ತಂಡದ ವಿರುದ್ಧ ಅವನ ಅಂಕಪಟ್ಟಿ ಹೀಗಿತ್ತು: 27 ಅಂಕ, 10 ರಿಬೌಂಡ್, 8 ಅಸಿಸ್ಟ್, 5 ಸ್ಟೀಲ್, 5 ಬ್ಲಾಕ್. ಅಸಿಸ್ಟ್ ಅಂದರೆ ಜೊತೆಗಾರನ ಅಂಕಕ್ಕೆ ದಾರಿಯಾದ ಪಾಸ್, ಸ್ಟೀಲ್ ಅಂದರೆ ಎದುರಾಳಿಯಿಂದ ಚೆಂಡು ಕಸಿಯುವುದು. ರಿಂಗಿನ ಕೆಳಗೆ ನಿಲ್ಲಿಸಿ ಬೆಳೆಸಿದ ಹುಡುಗನಿಂದ ಎಂಟು ಅಸಿಸ್ಟ್ ಬರುವುದಿಲ್ಲ, ಐದು ಸ್ಟೀಲಂತೂ ಕನಸು. ಹಾಗೆಂದು ಅವನ ಆಟವೆಲ್ಲ ನನಗೆ ಒಪ್ಪಿಗೆ ಎಂದಲ್ಲ. 2024-25ರಲ್ಲಿ ಪಂದ್ಯಕ್ಕೆ ಎಂಟಕ್ಕೂ ಹೆಚ್ಚು ಬಾರಿ ಮೂರು ಅಂಕಕ್ಕೆ ಎಸೆಯುತ್ತಿದ್ದ. ಹೆಚ್ಚುಕಡಿಮೆ ಮೂರಕ್ಕೆ ಒಂದು ಬೀಳುತ್ತಿತ್ತು. ಅಷ್ಟು ಹತ್ತಿರ ಹೋಗಬಲ್ಲವನು ಅಷ್ಟು ದೂರ ನಿಲ್ಲುವುದು ನನ್ನಂಥ ಹಳಬರಿಗೆ ಹೊಟ್ಟೆಯುರಿಯ ಸಂಗತಿ.

2024ರ ಆಗಸ್ಟ್‌ನಲ್ಲಿ ತಾನು ಬೆಳೆದ ಪ್ಯಾರಿಸ್‌ನಲ್ಲೇ ಒಲಿಂಪಿಕ್ಸ್ ಫೈನಲ್ ಆಡಿದ. ಅಮೆರಿಕ 98-87ರಿಂದ ಗೆದ್ದಿತು. ವೆಂಬಿ 26 ಅಂಕ ಗಳಿಸಿ, ಬೆಳ್ಳಿ ಪದಕ ಕೊರಳಲ್ಲಿದ್ದರೂ ಕಣ್ಣೀರಿಟ್ಟ.

ಈಗ ನಮ್ಮ ದೇಶದ ಒಂದು ಹೆಸರು. ಸತ್ನಾಮ್ ಸಿಂಗ್, ಪಂಜಾಬಿನ ಬಲ್ಲೊ ಕೆ ಎಂಬ ಹಳ್ಳಿಯ ರೈತರ ಮಗ, ಏಳಡಿ ಎರಡಿಂಚು. ಲುಧಿಯಾನದಲ್ಲಿ ಕಲಿತು, 2010ರಲ್ಲಿ ಹದಿನಾಲ್ಕರ ವಯಸ್ಸಿಗೆ ಫ್ಲಾರಿಡಾದ ಅಕಾಡೆಮಿಗೆ ಹೋದರು. 2015ರ ಜೂನ್ 25ರಂದು ಡಲ್ಲಾಸ್ ತಂಡ ಅವರನ್ನು 52ನೆಯವರಾಗಿ ಆರಿಸಿತು. ಭಾರತದಲ್ಲಿ ಹುಟ್ಟಿದವರೊಬ್ಬರು ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದದ್ದು ಅದೇ ಮೊದಲು. ಆದರೆ ಎನ್‌ಬಿಎಯ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಮುಂದೆ ವೃತ್ತಿಪರ ಕುಸ್ತಿಯ ಕಡೆ ಹೋದರು.

ಅವರಲ್ಲಿ ಶ್ರಮ ಕಡಿಮೆ ಇತ್ತು ಎಂದು ದಯವಿಟ್ಟು ಹೇಳಬೇಡಿ. ಆ ಜೂನ್ ತಿಂಗಳಿನಲ್ಲೇ ಏನಾಯಿತು ನೋಡಿ. ಗೋಲ್ಡನ್ ಸ್ಟೇಟ್ ತಂಡ ಎನ್‌ಬಿಎ ಅಂತಿಮ ಸರಣಿಯ ನಾಲ್ಕನೇ ಪಂದ್ಯದಲ್ಲಿ ತನ್ನ ಏಳಡಿಯ ಸೆಂಟರ್ ಆಟಗಾರ ಆಂಡ್ರ್ಯೂ ಬೋಗಟ್ ಬದಲಿಗೆ ಆರಡಿ ಆರಿಂಚಿನ ಆಂದ್ರೆ ಇಗೊಡಾಲಾನನ್ನು ಆರಂಭದಿಂದಲೇ ಆಡಿಸಿತು. ಸರಣಿ ಗೆದ್ದಿತು, ಸರಣಿಯ ಶ್ರೇಷ್ಠ ಆಟಗಾರನೂ ಇಗೊಡಾಲಾನೇ ಆದ. ರಿಂಗಿನ ಕೆಳಗೆ ನಿಂತು ಬೆನ್ನು ಕೊಟ್ಟು ಆಡುವ ಭಾರಿ ಸೆಂಟರ್‌ಗಳ ಕಾಲ ಮುಗಿಯುತ್ತಾ ಬಂದಿತ್ತು. ಎರಡು ವಾರದೊಳಗೆ ಸತ್ನಾಮ್ ಆಯ್ಕೆಯಾದದ್ದು ಸರಿಯಾಗಿ ಆ ಕೆಲಸಕ್ಕೆ ಬೆಳೆಸಲಾದ ಆಟಗಾರನಾಗಿ. ವೆಂಬಿ ಆಗ ಹನ್ನೊಂದರ ಹುಡುಗ, ನಾಂತೇರ್‌ನಲ್ಲಿ ಚೆಂಡು ಪುಟಿಸುತ್ತಿದ್ದ. ಇಬ್ಬರ ನಡುವಿನ ಅಂತರಕ್ಕೆ ಬೇರೆ ಕಾರಣಗಳೂ ಇವೆ, ಪ್ರತಿಭೆಯದೂ ಇದೆ. ಆದರೆ ತರಬೇತಿಯ ಅಂತರವನ್ನು ನಾವು ಎಣಿಸುವುದೇ ಇಲ್ಲ.

ಕಥೆಯಲ್ಲಿ ಒಂದು ಗಂಡಾಂತರವೂ ಇದೆ. 2025ರ ಫೆಬ್ರುವರಿಯಲ್ಲಿ, ಮೊದಲ ಬಾರಿಗೆ ಲೀಗಿನ ಆಯ್ದ ಆಟಗಾರರ ಆಲ್‌ಸ್ಟಾರ್ ಪಂದ್ಯ ಆಡಿ ಬಂದ ಬೆನ್ನಿಗೆ, ಅವನ ಬಲ ಭುಜದ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಪತ್ತೆಯಾಯಿತು. ಇದಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಾರೆ. ಅದನ್ನು ತೆಗೆದುಕೊಳ್ಳುತ್ತಿರುವಷ್ಟು ಕಾಲ ಮೈಗೆ ಮೈ ತಾಗುವ ಆಟ ಆಡುವಂತಿಲ್ಲ. ಒಂದು ಪೆಟ್ಟು ಬಿದ್ದರೂ ರಕ್ತಸ್ರಾವ ನಿಲ್ಲದಿರುವ ಭಯ. ಆ ಋತು ಅಲ್ಲಿಗೇ ಮುಗಿಯಿತು. ಇದೇ ಬಗೆಯ ತೊಂದರೆ ಕ್ರಿಸ್ ಬಾಷ್ ಎಂಬ ದೊಡ್ಡ ಆಟಗಾರನ ವೃತ್ತಿಯನ್ನೇ 2016ರಲ್ಲಿ ನಿಲ್ಲಿಸಿತ್ತು. ಹಾಗಾಗಿ ಎಲ್ಲರ ಎದೆಯೂ ಢವಢವ. ವೆಂಬಿ ಆ ಬೇಸಿಗೆಯಲ್ಲಿ ಚೀನಾದ ಶಾವೊಲಿನ್ ಮಠಕ್ಕೆ ಹೋಗಿ, ತಲೆ ಬೋಳಿಸಿಕೊಂಡು, ಭಿಕ್ಷುಗಳ ಜೊತೆ ಕೆಲ ದಿನ ಅಭ್ಯಾಸ ಮಾಡಿದ. ಜುಲೈನಲ್ಲಿ ವೈದ್ಯರು ಒಪ್ಪಿಗೆ ಕೊಟ್ಟರು. ಅಕ್ಟೋಬರ್ 22ರಂದು ಹೊಸ ಋತುವಿನ ಮೊದಲ ಪಂದ್ಯದಲ್ಲಿ ಡಲ್ಲಾಸ್ ವಿರುದ್ಧ 40 ಅಂಕ, 15 ರಿಬೌಂಡ್. ಮುಂದಿನ ತಿಂಗಳೇ ಮೀನಖಂಡ ಹಿಡಿದುಕೊಂಡು ಮತ್ತೆ ಕೆಲವು ಪಂದ್ಯ ಹೊರಗೆ ಕೂತ. ಈ ದೇಹದ ಜೊತೆ ಅವನ ಹಗ್ಗಜಗ್ಗಾಟ ನಡೆದೇ ಇರುತ್ತದೆ ಎಂದು ನನ್ನ ಅಂದಾಜು.

ನಮ್ಮೂರಿನ ಮಾತಿಗೆ ಬರುತ್ತೇನೆ. ಬಿಸಿಲು ನಲವತ್ತು ಡಿಗ್ರಿ ದಾಟುವ ಊರು ನಮ್ಮದು. ಏಪ್ರಿಲ್ ಮಧ್ಯಾಹ್ನ ಸಿಮೆಂಟ್ ಅಂಕಣದ ಮೇಲೆ ಚೆಂಡು ಮುಟ್ಟಿದರೆ ಅಂಗೈ ಚುರ್ ಎನ್ನುತ್ತದೆ. ಹೊಸ ಚೆಂಡು ನಾಲ್ಕು ತಿಂಗಳಲ್ಲಿ ನುಣ್ಣಗಾಗಿ, ಧೂಳು ಕುಡಿದು, ಕೈಯಿಂದ ಜಾರತೊಡಗುತ್ತದೆ. ರಿಂಗಿಗೆ ಬಲೆ ಇರುವುದಿಲ್ಲ, ಚೆಂಡು ಒಳಗೆ ಬಿತ್ತೋ ಹೊರಗೆ ಹೋಯಿತೋ ಎಂದು ಜಗಳ. ಇದೆಲ್ಲ ಸರಿಹೋಗಬೇಕು, ಅದಕ್ಕೆ ಅರ್ಜಿ ಹಾಕೋಣ, ಬೆನ್ನು ಹತ್ತೋಣ. ಆದರೆ ಎಡಗೈಯಲ್ಲಿ ಚೆಂಡು ಪುಟಿಸುವುದಕ್ಕೆ ಯಾವ ಅನುದಾನವೂ ಬೇಡ. ಬೆಳಿಗ್ಗೆ ಬಿಸಿಲೇರುವ ಮುನ್ನ ಒಂದು ಗಂಟೆ ಸಾಕು. ಆರಡಿಯ ಹುಡುಗನನ್ನೂ ಐದಡಿಯ ಹುಡುಗನ ಸಾಲಿನಲ್ಲೇ ನಿಲ್ಲಿಸಿ. ಈ ವರ್ಷದ ತಾಲ್ಲೂಕು ಕಪ್ಪು ಕೈತಪ್ಪಬಹುದು. ತಪ್ಪಲಿ. ಆಹಾರದ ಬಗ್ಗೆ ಬಹಳ ಮಂದಿ ಕೇಳುತ್ತಾರೆ: ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿ, ಮೊಸರು, ತಿನ್ನುವವರು ಮೊಟ್ಟೆಯನ್ನೂ ಸೇರಿಸಿಕೊಳ್ಳಿ. ಡಬ್ಬಿಯ ಪುಡಿಗಳ ಹಿಂದೆ ಬೀಳಬೇಡಿ. ರಾತ್ರಿ ಮೊಬೈಲ್ ಕೆಳಗಿಟ್ಟು ನಿದ್ದೆ ಮಾಡಿ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಮೊದಲು ಬಂದದ್ದು ನಿರೀಕ್ಷಿಸಿದ್ದೇ: ‘ಸರ್, ಸಂಬಳ ಎಷ್ಟು?’ ಮೊದಲ ಒಪ್ಪಂದ ನಾಲ್ಕು ವರ್ಷಕ್ಕೆ ಸುಮಾರು 5.5 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ 450 ಕೋಟಿ ರೂಪಾಯಿ. ಸಭಾಂಗಣದಲ್ಲಿ ಅರ್ಧ ನಿಮಿಷ ಗದ್ದಲ.

ಪಾಲಕರೊಬ್ಬರು ಕಂಬಿಗೆ ಜೋತುಬಿದ್ದರೆ ಎತ್ತರ ಹೆಚ್ಚುತ್ತದೆಯೇ ಎಂದರು. ಇಲ್ಲ. ವೆಂಬಿಯ ತಂದೆ ಆರೂವರೆ ಅಡಿ, ತಾಯಿ ಆರಡಿ ಮೂರಿಂಚು. ಹೆಚ್ಚಿನ ಉತ್ತರ ಅಲ್ಲೇ ಇದೆ. ಕಂಬಿಗೆ ಜೋತುಬಿದ್ದರೆ ಭುಜ ಗಟ್ಟಿಯಾಗುತ್ತದೆ, ಅದಕ್ಕಾಗಿ ಜೋತುಬೀಳಲಿ.

ಪಿಯುಸಿ ಮೊದಲ ವರ್ಷದ ಹುಡುಗಿಯೊಬ್ಬಳು ತಾನು ಇದುವರೆಗೆ ಕೊಕ್ಕೊ ಆಡುತ್ತಿದ್ದುದಾಗಿ, ಈಗ ಬ್ಯಾಸ್ಕೆಟ್‌ಬಾಲ್ ಶುರು ಮಾಡಿದರೆ ತಡವಾಯಿತೇ ಎಂದು ಕೇಳಿದಳು. ಟಿಮ್ ಡಂಕನ್ ಹೆಸರು ಆಗಲೇ ಹೇಳಿದೆನಲ್ಲ, ಅವರು ಮೊದಲು ಈಜುಗಾರ. ಅವರ ದ್ವೀಪ ಸೇಂಟ್ ಕ್ರೋಯ್‌ಗೆ 1989ರಲ್ಲಿ ಹ್ಯೂಗೊ ಚಂಡಮಾರುತ ಅಪ್ಪಳಿಸಿ ಈಜುಕೊಳವೇ ಹಾಳಾಯಿತು. ಬ್ಯಾಸ್ಕೆಟ್‌ಬಾಲ್ ಹಿಡಿದದ್ದು ಅದಾದ ಮೇಲೆ. ಅವರಿಗೆ ಈಜು ಎಷ್ಟು ಉಪಯೋಗಕ್ಕೆ ಬಂತೋ ಗೊತ್ತಿಲ್ಲ ತಂಗಿ, ನಿನಗೆ ಕೊಕ್ಕೊ ಖಂಡಿತ ಬರುತ್ತದೆ. ಥಟ್ಟನೆ ದಿಕ್ಕು ಬದಲಿಸುವುದನ್ನು ಅದಕ್ಕಿಂತ ಚೆನ್ನಾಗಿ ಕಲಿಸುವ ಆಟ ನನಗೆ ಕಂಡಿಲ್ಲ.

ಕೊನೆಗೆ ಒಬ್ಬ ಪುಟ್ಟ ಹುಡುಗ ಎದ್ದು ನಿಂತ. ಎದ್ದು ನಿಂತದ್ದು ಮೊದಲಿಗೆ ಯಾರಿಗೂ ತಿಳಿಯಲಿಲ್ಲ. ‘ನಾನು ಐದಡಿ ಮೂರಿಂಚು ಸರ್, ಇನ್ನು ಬೆಳೆಯುವುದಿಲ್ಲ ಅನಿಸುತ್ತದೆ’ ಎಂದ. ಅವನಿಗೆ ಮಗ್ಸಿ ಬೋಗ್ಸ್ ಬಗ್ಗೆ ಹೇಳಿದೆ. ಸರಿಯಾಗಿ ಐದಡಿ ಮೂರಿಂಚು, ಎನ್‌ಬಿಎಯಲ್ಲಿ 14 ಋತು ಆಡಿದ ಗಾರ್ಡ್. 1987-88ರಲ್ಲಿ ವಾಷಿಂಗ್ಟನ್ ತಂಡದಲ್ಲಿ ಅವರ ಜೊತೆಗಾರ ಮನೂಟ್ ಬೋಲ್, ಏಳಡಿ ಏಳಿಂಚು.

‘ಬೋಲ್‌ಗೆ ಅವರು ಪಾಸ್ ಹೇಗೆ ಕೊಡುತ್ತಿದ್ದರು ಸರ್?’

‘ಮೇಲಕ್ಕೆ’ ಎಂದೆ.